ವಾರ್ಸಾದಲ್ಲಿ ದಂಗೆ ಒಂದಲ್ಲ, ಎರಡು

ಎರಡನೇ ಮಹಾಯುದ್ಧದ ಕಾಲದ ಪೋಲೆಂಡಿನ ರಾಜಧಾನಿ ವಾರ್ಸಾದಲ್ಲಿ ನಡೆಯುವ ಕಾದಂಬರಿ ಓದುತ್ತಿದ್ದೀರಾ? 'ದಂಗೆ' ಎಂಬ ಮಾತು ಬಂದ ಕೂಡಲೇ ಇಸವಿ ನೋಡಿ. ಜರ್ಮನ್ನರ ವಿರುದ್ಧ ಅಲ್ಲಿ 1943ರಲ್ಲೊಂದು, 1944ರಲ್ಲೊಂದು ದಂಗೆ ಆಯಿತು. ಎದ್ದವರೂ ಬೇರೆ, ಕಾರಣವೂ ಬೇರೆ.

ಮೊದಲನೆಯದು ಯಹೂದಿಗಳದ್ದು. 1940ರ ನವೆಂಬರ್‌ನಲ್ಲಿ ಜರ್ಮನ್ನರು ಯಹೂದಿಗಳನ್ನು ಕೂಡಿಹಾಕಿದ್ದ ಘೆಟ್ಟೊ ಎಂಬ ಬಡಾವಣೆಯ ಬಾಗಿಲು ಮುಚ್ಚಿದರು. ಗೋಡೆಯೊಳಗೆ ನಾಲ್ಕು ಲಕ್ಷಕ್ಕೂ ಜಾಸ್ತಿ ಜನ. ಹಸಿವು, ಟೈಫಸ್ ಜ್ವರಕ್ಕೇ ಹತ್ತಾರು ಸಾವಿರ ಮಂದಿ ಸತ್ತರು. 1942ರ ಬೇಸಿಗೆಯಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ರೈಲಿಗೆ ತುಂಬಿ ಟ್ರೆಬ್ಲಿಂಕಾ ಎಂಬ ಸಾವಿನ ಶಿಬಿರಕ್ಕೆ ಒಯ್ದು ಕೊಂದರು. ಉಳಿದವರನ್ನು ಒಯ್ಯಲು 1943ರ ಏಪ್ರಿಲ್ 19ರಂದು ಸೈನಿಕರು ಬಂದಾಗ, ಹುಡುಗ ಹುಡುಗಿಯರು ಪಿಸ್ತೂಲು, ಪೆಟ್ರೋಲ್ ಬಾಂಬ್ ಹಿಡಿದು ಎದುರು ನಿಂತರು. ಮುಂದಾಳು ಮೊರ್ದೆಖಾಯ್ ಅನಿಯೆಲೆವಿಚ್‌ಗೆ ಇನ್ನೂ 25 ತುಂಬಿರಲಿಲ್ಲ. ಗೆಲ್ಲುತ್ತೇವೆಂಬ ಆಸೆ ಅವರಿಗಿರಲಿಲ್ಲ. ಇದನ್ನು ಮರೆತು ಓದಿದರೆ ಅಂಥ ಪಾತ್ರಗಳು ಮಾಡುವುದೆಲ್ಲ ಸುಮ್ನೆ ದುಡುಕಿನಂತೆ ಕಾಣುತ್ತದೆ. ಜರ್ಮನ್ನರು ಒಂದೊಂದೇ ಮನೆಗೆ ಬೆಂಕಿ ಇಟ್ಟು, ಮೇ 16ರ ಹೊತ್ತಿಗೆ ದಂಗೆಯನ್ನು ಅಡಗಿಸಿದರು.

ಎರಡನೆಯದು ಹೋಮ್ ಆರ್ಮಿ ಎಂಬ ಪೋಲಿಷ್ ಭೂಗತ ಪಡೆಯದ್ದು. ಶುರುವಾದದ್ದು 1944ರ ಆಗಸ್ಟ್ 1, ಸಂಜೆ 5 ಗಂಟೆಗೆ. ಇವರಿಗೆ ಗೆಲ್ಲುವ ಆಸೆ ಇತ್ತು. ಸೋವಿಯತ್ ಸೇನೆ ಹತ್ತಿರ ಬಂದಿತ್ತು. ಅದು ಒಳಗೆ ಬರುವ ಮೊದಲೇ ರಾಜಧಾನಿ ಪೋಲರ ಕೈಯಲ್ಲಿರಬೇಕು ಎಂಬುದು ಲೆಕ್ಕ. ಲೆಕ್ಕ ತಪ್ಪಿತು. ಸೆಪ್ಟೆಂಬರ್‌ನಲ್ಲಿ ಸೋವಿಯತ್ ಸೇನೆ ವಿಸ್ತುಲಾ ನದಿಯ ಆಚೆ ದಡಕ್ಕೆ ಬಂದರೂ ನಗರ ಬಿಡಿಸಲಿಲ್ಲ. ನೆರವು ತರುವ ಮಿತ್ರರಾಷ್ಟ್ರಗಳ ವಿಮಾನ ಸೋವಿಯತ್ ನೆಲೆಗಳಲ್ಲಿ ಇಳಿಯಲೂ ಸ್ಟಾಲಿನ್ ವಾರಗಟ್ಟಲೆ ಒಪ್ಪಲಿಲ್ಲ. 63 ದಿನಗಳ ಬಳಿಕ ಹೋಮ್ ಆರ್ಮಿ ಶರಣಾಯಿತು. ಸತ್ತ ಸಾಮಾನ್ಯ ಜನರೇ ಒಂದೂವರೆ ಲಕ್ಷಕ್ಕಿಂತ ಕಡಿಮೆ ಇರಲಾರರು. ವೋಲಾ ಬಡಾವಣೆಯಲ್ಲಂತೂ ಜರ್ಮನ್ನರು ಕೆಲವೇ ದಿನಗಳಲ್ಲಿ ಹತ್ತಾರು ಸಾವಿರ ಜನರನ್ನು ಸಾಲಾಗಿ ಗುಂಡಿಕ್ಕಿದರು. ಆಮೇಲೆ ಖಾಲಿ ನಗರವನ್ನೂ ಬಿಡದೆ ಕಟ್ಟಡಗಳನ್ನು ಸ್ಫೋಟಿಸಿದರು.

ಒಳಚರಂಡಿಯಲ್ಲಿ ತಪ್ಪಿಸಿಕೊಳ್ಳುವ ದೃಶ್ಯ ನೋಡಿ ಯಾವ ದಂಗೆ ಅಂತ ಹೇಳಲು ಹೋಗಬೇಡಿ, ಅದು ಎರಡರಲ್ಲೂ ಇತ್ತು. ತೋಳುಪಟ್ಟಿ ನೋಡಿ. ಘೆಟ್ಟೊದಲ್ಲಿ ಯಹೂದಿಗಳ ಮೇಲೆ ಹೇರಿದ್ದು ಬಿಳಿ ಪಟ್ಟಿಯ ಮೇಲೆ ನೀಲಿ ನಕ್ಷತ್ರ. 1944ರ ಹೋರಾಟಗಾರರು ತಾವೇ ಕಟ್ಟಿಕೊಂಡದ್ದು ಬಿಳಿ-ಕೆಂಪು ಪಟ್ಟಿ.

ಯುದ್ಧ ಮುಗಿದ ಮೇಲೆ ಹೋಮ್ ಆರ್ಮಿಯ ಪಾತ್ರವೊಂದು ಜೈಲು ಸೇರಿದರೆ, ಅದು ಲೇಖಕರ ಕಲ್ಪನೆ ಅಂದುಕೊಳ್ಳಬೇಡಿ. ಹೋಮ್ ಆರ್ಮಿಯ ವಿಟೋಲ್ಡ್ ಪಿಲೆಟ್ಸ್ಕಿ, ಆಷ್‌ವಿಟ್ಸ್ ಎಂಬ ನಾಜಿ ಶಿಬಿರದ ಒಳಗಿನ ಸುದ್ದಿ ಹೊರಗೆ ತಲುಪಿಸಲೆಂದು 1940ರಲ್ಲಿ ಬೇಕೆಂದೇ ಸಿಕ್ಕಿಬಿದ್ದು ಅಲ್ಲಿಗೆ ಸೇರಿದವರು. 1943ರಲ್ಲಿ ತಪ್ಪಿಸಿಕೊಂಡು ಬಂದು ಮರುವರ್ಷದ ದಂಗೆಯಲ್ಲೂ ಹೋರಾಡಿದರು. 1948ರ ಮೇ ತಿಂಗಳಲ್ಲಿ ಅವರನ್ನು ಕೊಂದದ್ದು ಪೋಲೆಂಡಿನದೇ ಕಮ್ಯುನಿಸ್ಟ್ ಸರ್ಕಾರ.