ಕಡೆಯುವುದು: ಮರ ತಿರುಗಬೇಕು, ಉಳಿ ನಿಲ್ಲಬೇಕು

'ಮರ ಕಡಿದರು' ಅಂದರೆ ಒಂದು ಮರ ಹೋಯಿತು ಅಂತ ಅರ್ಥ. 'ಮರ ಕಡೆದರು' ಅಂದರೆ ಒಂದು ಬುಗುರಿಯೋ ತೊಟ್ಟಿಲಿನ ಕಾಲೋ ಹುಟ್ಟಿತು ಅಂತ ಅರ್ಥ. ನಡುವೆ ವ್ಯತ್ಯಾಸ ಒಂದೇ ಒಂದು ಸ್ವರದ್ದು. ಮೊಬೈಲಿನಲ್ಲಿ ಬರೆಯುವಾಗ ಇವೆರಡನ್ನೂ ಅದಲುಬದಲು ಮಾಡುವವರೇ ಜಾಸ್ತಿ.

ತಿರುಗುವ ಮರಕ್ಕೆ ಉಳಿ ಒತ್ತಿ ರೂಪ ಕೊಡುವ ಕೆಲಸಕ್ಕೆ ಕನ್ನಡದಲ್ಲಿರುವ ಮಾತು 'ಕಡೆ'. ಯಂತ್ರವನ್ನು ಈಗ ಎಲ್ಲರೂ ಲೇತ್ ಎಂದೇ ಕರೆಯುತ್ತಾರೆ. ಹಳೇ ನಿಘಂಟು ತೆರೆದರೆ 'ಕಡಸಲು' ಸಿಗುತ್ತದೆ. ದೇವಸ್ಥಾನದ ಕಂಬಗಳ ಬಗ್ಗೆ ಬರೆಯುವವರು 'ತಿರುಗಣೆ' ಎನ್ನುತ್ತಾರೆ.

ಕೆತ್ತುವುದಕ್ಕೂ ಕಡೆಯುವುದಕ್ಕೂ ಏನು ವ್ಯತ್ಯಾಸ? ಕೆತ್ತುವಾಗ ಮರ ಸುಮ್ನೆ ಬಿದ್ದಿರುತ್ತದೆ, ಉಳಿ ಓಡಾಡುತ್ತದೆ. ಕಡೆಯುವಾಗ ಮರ ಸುತ್ತುತ್ತದೆ, ಉಳಿ ಹೆಚ್ಚುಕಡಿಮೆ ನಿಂತಲ್ಲೇ ನಿಂತಿರುತ್ತದೆ. ಹಾಗಾಗಿ ಕಡೆದ ವಸ್ತುವನ್ನು ಎಲ್ಲಿ ಅಡ್ಡ ಕೊಯ್ದರೂ ದುಂಡಗೇ ಕಾಣುತ್ತದೆ. 'ಶಿಲ್ಪಿ ವಿಗ್ರಹ ಕಡೆದ' ಅಂತಲೂ ಬರೆಯುತ್ತೇವಲ್ಲ ಎಂದು ನೀವು ಕೇಳಬಹುದು. ಹೌದು, ಬರೆಯುತ್ತೇವೆ. ಅಲ್ಲಿ ಏನೂ ತಿರುಗುವುದಿಲ್ಲ. ಮಾತು ಬಳಸುತ್ತ ಬಳಸುತ್ತ ಹೀಗೆ ಸಡಿಲವಾಗುತ್ತದೆ, ಬಿಡಿ.

ಹಾಗಾದರೆ ಮೊಸರು ಕಡೆಯುವುದಕ್ಕೂ ಮರ ಕಡೆಯುವುದಕ್ಕೂ ಒಂದೇ ಪದ ಯಾಕೆ? ನನಗೆ ಇದು ಬಹಳ ದಿನ ಕಾಕತಾಳೀಯ ಅನ್ನಿಸಿತ್ತು. ಆಮೇಲೆ ಕೈಯಿಂದ ನಡೆಸುವ ಹಳೇ ಮಾದರಿಯ ಲೇತ್ ನೋಡಿದೆ. ಮರದ ತುಂಡಿಗೋ ಅದನ್ನು ಹಿಡಿದ ದಿಂಡಿಗೋ ಹಗ್ಗ ಸುತ್ತಿರುತ್ತಾರೆ. ಒಬ್ಬರು ಹಗ್ಗದ ಎರಡು ತುದಿ ಹಿಡಿದು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಎಳೆಯುತ್ತಾರೆ. ಎದುರು ಕೂತವರು ಉಳಿ ಹಿಡಿಯುತ್ತಾರೆ. ಮರ ತಮ್ಮ ಕಡೆಗೆ ತಿರುಗಿ ಬರುವಾಗ ಮಾತ್ರ ಉಳಿ ಒತ್ತಬೇಕು, ಹಿಂದಕ್ಕೆ ಸುತ್ತುವಾಗ ಬಿಡಬೇಕು. ಒತ್ತು, ಬಿಡು, ಒತ್ತು, ಬಿಡು. ನಮ್ಮಜ್ಜಿ ಕಂಬಕ್ಕೆ ಕಡೆಗೋಲು ಕಟ್ಟಿ, ಹಗ್ಗ ಎಳೆದು ಮೊಸರು ಕಡೆಯುತ್ತಿದ್ದದ್ದೂ ಥೇಟ್ ಹೀಗೇ! ಉಡುಪಿಯ ಕೃಷ್ಣನ ಕೈಯಲ್ಲಿರುವುದೂ ಇವೇ ಎರಡು: ಕಡೆಗೋಲು ಮತ್ತು ಹಗ್ಗ. ಪುರಾಣದಲ್ಲಿ ದೇವತೆಗಳೂ ಅಸುರರೂ ಕಡಲು ಕಡೆದಾಗ ಮಂದರ ಪರ್ವತ ಕಡೆಗೋಲಾಯಿತು, ವಾಸುಕಿ ಹಗ್ಗವಾದ. ಅರಣಿ ಕಡೆದು ಬೆಂಕಿ ಹುಟ್ಟಿಸುವುದೂ ಅದೇ ಆಟ. ಒಳಗೇನಿದೆ ಅನ್ನುವುದು ಬೇರೆ ಬೇರೆ, ತಿರುಗಿಸುವ ಕೈ ಒಂದೇ.

ಕರಾವಳಿಯವರಿಗೆ ಇನ್ನೊಂದು ಅರ್ಥವೂ ಗೊತ್ತಿರುತ್ತದೆ. ಮೈಸೂರು ಕಡೆಯವರು ಮಸಾಲೆ 'ರುಬ್ಬಿದರೆ', ಅವರು 'ಕಡೆಯುತ್ತಾರೆ'. ಒರಳುಕಲ್ಲು ಅವರಿಗೆ 'ಕಡೆಯುವ ಕಲ್ಲು'. ಅಲ್ಲೂ ಗುಂಡು ಸುತ್ತಬೇಕಲ್ವಾ? ತಮಿಳು, ಮಲಯಾಳದಲ್ಲೂ ಇದೇ ಧಾತು ಮೊಸರಿಗೂ ಮರಕ್ಕೂ ಬರುತ್ತದೆ. ಹಾಗಾಗಿ ಪದ ತುಂಬ ಹಳೆಯದು.

ಕಲ್ಲನ್ನೂ ಕಡೆದಿದ್ದಾರೆ. 1117ರ ಬೇಲೂರು ದೇವಾಲಯದ ಒಳಗಿನ ಹೊಳೆಯುವ ಕಂಬಗಳನ್ನು ನೆನೆಸಿಕೊಳ್ಳಿ. ಬಳಪದ ಕಲ್ಲು ಗಣಿಯಿಂದ ತೆಗೆದ ಹೊಸತರಲ್ಲಿ ಮೆತ್ತಗಿರುತ್ತದೆ. ಅದನ್ನು ತಿರುಗಣೆಗೆ ಏರಿಸಿ ಕಡೆದರು ಎಂದೇ ಇತಿಹಾಸಕಾರರು ಹೇಳುತ್ತಾರೆ. ಗಂಟೆಯಾಕಾರದ ಭಾಗದಲ್ಲಿ ಒಂದರ ಮೇಲೊಂದು ಬಳೆ ಹಾಕಿದಂಥ ಗೆರೆಗಳು ಕಾಣುತ್ತವೆ.

ಈಗ ಕಡೆತದಲ್ಲಿ ನಿಜವಾಗಿ ಕಷ್ಟದ ಕೆಲಸಕ್ಕೆ ಬರೋಣ: ಒಳಗೆ ಟೊಳ್ಳಿರುವ ಪಾತ್ರೆ. ಬುಗುರಿ, ಗಿಲಕಿಯ ಹಿಡಿ, ಮಂಚದ ಕಾಲು ಇವೆಲ್ಲ ಹೊರಗಿನ ಕೆಲಸ. ಉಳಿ ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತದೆ. ಚನ್ನಪಟ್ಟಣದ ಕುಂಕುಮದ ಭರಣಿಯನ್ನೇ ತೆಗೆದುಕೊಳ್ಳಿ. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಸಣ್ಣದು. ಆದರೂ ಅದರಲ್ಲಿ ಎರಡು ಪಾತ್ರೆಗಳಿವೆ, ಭರಣಿ ಒಂದು, ಮುಚ್ಚಳ ಒಂದು. ಎರಡಕ್ಕೂ ಒಳಗೂ ಇದೆ, ಹೊರಗೂ ಇದೆ.

ಅಲ್ಲಿ ಬಳಸುವುದು ಹಾಲೆ ಮರ. ಕೆಲವರ ಬಾಯಲ್ಲಿ ಅದು ಆಲೆ ಮರ. ಕೊಯ್ದರೆ ಹಾಲು ಸುರಿಯುವ ಮರ. ಒಣಗಿದ ಮೇಲೆ ದಂತದ ಹಾಗೆ ಬೆಳ್ಳಗೆ, ಎಳೆ ನುಣುಪು. ಹಸಿ ಮರವನ್ನು ಕಡೆಯುವುದು ಸುಲಭ, ಆದರೆ ಆಮೇಲೆ ಅದು ಕೈಕೊಡುತ್ತದೆ. ಮರ ಒಣಗುವಾಗ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ನಡುವಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ಸುತ್ತಳತೆಯ ದಿಕ್ಕಿನಲ್ಲಿ ಸುಮಾರು ಎರಡು ಪಟ್ಟು ಕುಗ್ಗುತ್ತದೆ. ಪರಿಣಾಮ, ದುಂಡಗಿದ್ದದ್ದು ಮೊಟ್ಟೆಯಾಕಾರ ಆಗುತ್ತದೆ, ಇಲ್ಲವೇ ಸೀಳುತ್ತದೆ. ಮುಚ್ಚಳ ಕೂರುವುದಿಲ್ಲ. ಅದಕ್ಕೇ ತಿಂಗಳುಗಟ್ಟಲೆ ಒಣಗಿಸುತ್ತಾರೆ. ದೊಡ್ಡ ಬಟ್ಟಲು ಕಡೆಯುವವರಲ್ಲಿ ಇನ್ನೊಂದು ಉಪಾಯ ಇದೆ. ಹಸಿಯಿರುವಾಗಲೇ ದಪ್ಪಗೆ ಕಡೆದು, ಒಳಗೆಲ್ಲ ತೋಡಿ, ಒಣಗಲು ಇಟ್ಟುಬಿಡುತ್ತಾರೆ. 20 ಸೆಂಟಿಮೀಟರ್ ಅಗಲದ ಬಟ್ಟಲಿಗೆ 2 ಸೆಂಟಿಮೀಟರ್ ದಪ್ಪದ ಗೋಡೆ, ಅಂದರೆ ಹತ್ತನೇ ಒಂದು ಪಾಲು. ಒಣಗಿ ಸೊಟ್ಟಗಾದ ಮೇಲೆ ಮತ್ತೆ ಲೇತ್‌ಗೆ ಏರಿಸಿ ದುಂಡಗೆ ಮಾಡುತ್ತಾರೆ.

ಒಳಗನ್ನು ತೋಡುವಾಗ ಮೊದಲು ನಟ್ಟನಡುವೆ ಒಂದು ತೂತು ಕೊರೆಯಬೇಕು. ಎಷ್ಟು ಆಳಕ್ಕೆ ಹೋಗಬೇಕು ಅನ್ನುವುದು ಅಲ್ಲೇ ನಿರ್ಧಾರವಾಗುತ್ತದೆ. ಆಮೇಲೆ ಆ ತೂತಿನಿಂದ ಅಂಚಿನ ಕಡೆಗೆ ಉಳಿ ಎಳೆಯುತ್ತ ಹೋಗಬೇಕು. ಭರಣಿಯಲ್ಲಿ ಮರದ ಎಳೆ ಉದ್ದಕ್ಕೆ ನಿಂತಿರುತ್ತದೆ, ಹಾಗಾಗಿ ಒಳಗಿನಿಂದ ಹೊರಕ್ಕೆ ಬಂದರೆ ನುಣ್ಣಗೆ ಕತ್ತರಿಸುತ್ತದೆ. ಅಗಲದ ಬಟ್ಟಲಿನಲ್ಲಿ ಎಳೆ ಅಡ್ಡಕ್ಕೆ ಮಲಗಿರುತ್ತದೆ, ಅಲ್ಲಿ ಅಂಚಿನಿಂದ ನಡುವಿಗೆ ಹೋಗಬೇಕು. ಇದನ್ನು ತಿರುವುಮುರುವು ಮಾಡಿದವರ ಪಾತ್ರೆಯ ಒಳಗನ್ನು ಬೆರಳಿಟ್ಟು ಸವರಿ ನೋಡಿ, ತರಚುತ್ತದೆ.

ಬಾಯಿ ಚಿಕ್ಕದಾಗಿ ಹೊಟ್ಟೆ ದೊಡ್ಡದಾದರೆ ಕಷ್ಟ ಇನ್ನೂ ಜಾಸ್ತಿ. ಉಳಿಯ ತುದಿ ಕಾಣುವುದೇ ಇಲ್ಲ. ಅಮೆರಿಕದ ಡೇವಿಡ್ ಎಲ್ಸ್‌ವರ್ತ್ 1970ರ ದಶಕದಲ್ಲಿ ಬಗ್ಗಿಸಿದ ಉಳಿಗಳಿಂದ ಇಂಥ ಪಾತ್ರೆ ಕಡೆದು ಹೆಸರಾದರು. ಈ ಕೆಲಸದಲ್ಲಿ ಕಿವಿಯೇ ಕಣ್ಣು. ಗೋಡೆ ತೆಳುವಾಗುತ್ತ ಬಂದ ಹಾಗೆ ಉಳಿಯ ಸದ್ದು ಬದಲಾಗುತ್ತದೆ. ಆ ಸದ್ದಿನ ಮೇಲೆ ನಿಗಾ ತಪ್ಪಿದರೆ ಗೋಡೆ ತೂತು ಬಿದ್ದು ಅಷ್ಟೂ ಹೊತ್ತಿನ ಕೆಲಸ ಒಲೆಗೆ.

ಕೊನೆಯ ಕೆಲಸ ಬಣ್ಣ. ಚನ್ನಪಟ್ಟಣದ ಬಣ್ಣಕ್ಕೆ ಬ್ರಶ್ ಬೇಡ. ಅರಗಿನ ಹುಳು ಮರದ ರೆಂಬೆಗಳ ಮೇಲೆ ಕಟ್ಟುವ ಅಂಟೇ ಅರಗು. ಪಾಂಡವರಿಗೆ ಕಟ್ಟಿಸಿದ ಅರಗಿನ ಮನೆ ಇದರದ್ದೇ. ಅದನ್ನು ಕರಗಿಸಿ, ಬಣ್ಣ ಕಲಸಿ, ಕಡ್ಡಿ ಮಾಡಿಟ್ಟುಕೊಳ್ಳುತ್ತಾರೆ. ಮರಳು ಕಾಗದದಿಂದ ನುಣುಪು ಮಾಡಿದ ಭರಣಿ ತಿರುಗುತ್ತಿರುವಾಗ ಈ ಕಡ್ಡಿಯನ್ನು ಒತ್ತಿ ಹಿಡಿದರೆ ಸಾಕು. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಅರಣಿಯಲ್ಲಿ ಬೆಂಕಿ ತಂದ ಬಿಸಿ ಇಲ್ಲಿ ಬಣ್ಣ ಕರಗಿಸುತ್ತದೆ! ಆಮೇಲೆ ಕೇದಿಗೆ ಜಾತಿಯ ಗಿಡದ ಎಲೆಯನ್ನು ಒತ್ತಿ ಹಿಡಿಯುತ್ತಾರೆ. ಬಣ್ಣ ಸಮನಾಗಿ ಹರಡಿ ಹೊಳಪು ಬರುತ್ತದೆ. ಎಲೆಯಿಂದ ಬಂದ ಹೊಳಪು ಇದು ಅಂತ ಹೇಳಿದರೆ ನೋಡದವರು ನಂಬುವುದಿಲ್ಲ. ಮುಚ್ಚಳವನ್ನು ಭರಣಿಯ ಮೇಲೆ ಕೂರಿಸಿಯೇ ಹೊರಮೈ ಮುಗಿಸಿದರೆ ಎರಡರ ಅಂಚೂ ಒಂದೇ ಗೆರೆಯಲ್ಲಿ ಹೋಗುತ್ತದೆ. ಕಡೆಗೆ ಚೂಪು ಉಳಿಯಿಂದ ತಳ ಕತ್ತರಿಸಿ ಲೇತ್‌ನಿಂದ ಬಿಡಿಸುತ್ತಾರೆ.

ಆಂಧ್ರದ ಏಟಿಕೊಪ್ಪಾಕದಲ್ಲೂ ಇದೇ ಜಾತಿಯ ಮರ, ಇದೇ ಅರಗು. ಅಲ್ಲಿ ಮರಕ್ಕೆ ಅಂಕುಡು ಎನ್ನುತ್ತಾರೆ.

ಮನೆಗೆ ತಂದವರಿಗೆ ಒಂದು ಮಾತು. ಅರಗು ನೀರಿಗೆ ಅಷ್ಟಾಗಿ ಹೆದರುವುದಿಲ್ಲ, ಬಿಸಿಗೂ ಸ್ಪಿರಿಟ್ಟಿಗೂ ಹೆದರುತ್ತದೆ. ಕೊರೋನಾ ಕಾಲದಲ್ಲಿ ಕಂಡದ್ದನ್ನೆಲ್ಲ ಸ್ಯಾನಿಟೈಸರ್ ಹಾಕಿ ಒರೆಸುವ ಹುಚ್ಚಿತ್ತಲ್ಲ, ನಾನು ದೇವರ ಮನೆಯ ಭರಣಿಯನ್ನೂ ಬಿಡಲಿಲ್ಲ. ಬಟ್ಟೆಯೆಲ್ಲ ಕೆಂಪಾಯಿತು, ಭರಣಿ ಮಂಕಾಯಿತು. ಮುಚ್ಚಳ ಮಾತ್ರ ಇವತ್ತಿಗೂ ಬೇಸಿಗೆಯಲ್ಲಿ ಹಗುರಾಗಿ ಬರುತ್ತದೆ, ಮಳೆಗಾಲದಲ್ಲಿ ಸ್ವಲ್ಪ ಜಗ್ಗಿ ತೆಗೆಯಬೇಕು.