ಬಿಪಿಡಿ ಇರುವ ಮನೆಯಲ್ಲಿ ಮೊದಲ ಹತ್ತು ನಿಮಿಷ

ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್, ಚಿಕ್ಕದಾಗಿ ಬಿಪಿಡಿ, ಭಾವನೆಗಳು ಹಿಡಿತಕ್ಕೆ ಸಿಗದೆ ಸಂಬಂಧಗಳು ಏರುಪೇರಾಗುವ ಮಾನಸಿಕ ಕಾಯಿಲೆ. ಇದಿರುವವರ ಮನೆಯವರು ಕ್ಲಿನಿಕ್ಕಿನಲ್ಲಿ ನನ್ನ ಮುಂದೆ ಬಂದು ಕೂತಾಗ ಹೆಚ್ಚುಕಡಿಮೆ ಎರಡೇ ಪ್ರಶ್ನೆ ಕೇಳುತ್ತಾರೆ. ‘ಇದು ಕಾಯಿಲೆನಾ ಮೇಡಂ, ಇಲ್ಲ ನಾಟಕ ಮಾಡ್ತಿದ್ದಾಳಾ?’ ಅನ್ನೋದು ಒಂದು. ‘ಜೀವನಪೂರ್ತಿ ಹೀಗೇನಾ?’ ಅನ್ನೋದು ಇನ್ನೊಂದು. ನಾನು ಎರಡನೆಯದಕ್ಕೇ ಮೊದಲು ಉತ್ತರ ಹೇಳುತ್ತೇನೆ. ಆ ಭಯ ಸ್ವಲ್ಪ ಇಳಿಯದೆ ಮುಂದಿನ ಮಾತು ಯಾರ ಕಿವಿಗೂ ಹೋಗೋದಿಲ್ಲ.

ಬಿಪಿಡಿ ವಾಸಿಯಾಗೋದೇ ಇಲ್ಲ ಅಂತ ಒಂದು ಕಾಲದಲ್ಲಿ ಡಾಕ್ಟರುಗಳೇ ನಂಬಿದ್ದರು. ಅಮೆರಿಕದ ಮೆಕ್ಲೀನ್ ಆಸ್ಪತ್ರೆಯಲ್ಲಿ ಮೇರಿ ಜನಾರಿನಿ ಮತ್ತು ಸಂಗಡಿಗರು 290 ರೋಗಿಗಳ ಬೆನ್ನು ಬಿಡದೆ ವರ್ಷಗಟ್ಟಲೆ ಗಮನಿಸಿದರು. ಅವರೆಲ್ಲ ಆಸ್ಪತ್ರೆ ಸೇರುವಷ್ಟು ಕಷ್ಟಪಟ್ಟವರು. ಹತ್ತು ವರ್ಷದ ಫಲಿತಾಂಶ 2010ರಲ್ಲಿ ಹೊರಬಂತು. ನೂರಕ್ಕೆ 93 ಜನರಲ್ಲಿ ಕನಿಷ್ಠ ಎರಡು ವರ್ಷ ಸತತವಾಗಿ ಲಕ್ಷಣಗಳು ಕಾಯಿಲೆ ಅನ್ನಿಸುವ ಮಟ್ಟಕ್ಕಿಂತ ಕೆಳಗಿದ್ದವು. ಅದೇ ಲೆಕ್ಕದಲ್ಲಿ ಇನ್ನೊಂದು ಅಂಕಿಯೂ ಇದೆ, ಅದನ್ನು ಮುಚ್ಚಿಡಬಾರದು. ಲಕ್ಷಣ ಇಳಿದು, ಜೊತೆಗೆ ಕೆಲಸವೋ ಓದೋ ನಡೆದು, ಕನಿಷ್ಠ ಒಬ್ಬರ ಜೊತೆಗಾದರೂ ಆಪ್ತ ಸಂಬಂಧ ಉಳಿದವರು ಅರ್ಧದಷ್ಟು ಮಾತ್ರ. ಅಂದರೆ ಬಿರುಗಾಳಿ ಬಹುತೇಕ ಎಲ್ಲರಲ್ಲೂ ತಗ್ಗುತ್ತದೆ, ಬದುಕು ಕಟ್ಟಿಕೊಳ್ಳೋದಕ್ಕೆ ಮಾತ್ರ ಬೇರೆಯದೇ ಬೆಂಬಲ ಬೇಕು.

ಈಗ ಮೊದಲನೆಯ ಪ್ರಶ್ನೆ. ಹಲವು ಮನೆಗಳನ್ನು ಸೇರಿಸಿ ಒಂದು ಸಂಜೆಯ ಕಥೆ ಹೇಳುತ್ತೇನೆ. ಇದು ಇಂಥವರೇ ಅಂತ ಯಾರೂ ಹುಡುಕಬೇಡಿ.

ಇಪ್ಪತ್ತಮೂರು ವರ್ಷದ ಹುಡುಗಿ. ವೈಟ್‌ಫೀಲ್ಡ್‌ನಲ್ಲಿ ಕೆಲಸ. ಸಂಜೆ ಮೆಟ್ರೋ ಹತ್ತಿ ವಿಜಯನಗರದ ಮನೆಗೆ ವಾಪಸ್ ಬರುತ್ತಿದ್ದಾಳೆ. ಎಂ.ಜಿ. ರೋಡ್ ದಾಟುವಾಗ ಗೆಳೆಯನಿಗೆ ‘ಮನೆಗೆ ಹೋದ್ಮೇಲೆ ಕಾಲ್ ಮಾಡ್ತೀಯಾ?’ ಅಂತ ಮೆಸೇಜ್ ಹಾಕುತ್ತಾಳೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಮೆಜೆಸ್ಟಿಕ್‌ನಲ್ಲಿ ‘ಬ್ಯುಸಿ ಇರ್ಬೇಕು’. ಮಾಗಡಿ ರೋಡ್ ಬರೋ ಹೊತ್ತಿಗೆ ‘ನನ್ನ ಮೇಲೆ ಬೇಜಾರಾಗಿದೆ’. ಹೊಸಹಳ್ಳಿಯಲ್ಲಿ ‘ಬಿಟ್ಟು ಹೋಗ್ತಿದ್ದಾನೆ, ಗ್ಯಾರಂಟಿ’. ವಿಜಯನಗರದಲ್ಲಿ ಇಳಿಯುವಷ್ಟರಲ್ಲಿ ಅವನ ಫೋನಿನಲ್ಲಿ ಹನ್ನೆರಡು ಮಿಸ್ಡ್ ಕಾಲ್, ‘ನೀನು ನನ್ನ ಪಾಲಿಗೆ ಇಲ್ಲ’ ಅಂತ ಒಂದು ಮೆಸೇಜ್, ಅದರ ಹಿಂದೆಯೇ ‘ಸಾರಿ, ಪ್ಲೀಸ್ ಬಿಡ್ಬೇಡ’ ಅಂತ ಇನ್ನೊಂದು. ಪಾಪ, ಅವನು ಮೀಟಿಂಗ್‌ನಲ್ಲಿದ್ದ.

ಇಷ್ಟೂ ಆಗಿದ್ದು ಅರ್ಧ ಗಂಟೆಯೊಳಗೆ. ಇದನ್ನು ಯಾರೂ ಯೋಚಿಸಿ ಮಾಡೋದಿಲ್ಲ. ಕೆಲವರಿಗೆ ಭಾವನೆ ಬೇಗ ಏರುತ್ತದೆ, ಉಳಿದವರಿಗಿಂತ ಜಾಸ್ತಿ ಏರುತ್ತದೆ, ಇಳಿಯೋದಕ್ಕೂ ಹೊತ್ತು ಹಿಡಿಯುತ್ತದೆ. ಅವಳ ಲೆಕ್ಕಾಚಾರ ತಪ್ಪಿರಬಹುದು, ಎದೆಯೊಳಗಿನ ಭಯ ಮಾತ್ರ ನೂರಕ್ಕೆ ನೂರು ನಿಜ. ಆಮೇಲೆ ಬರುವ ನಾಚಿಕೆಯೂ ನಿಜ. ನಾಟಕ ಆಡುವವರು ಮಾರನೇ ದಿನ ಮುಖ ತೋರಿಸೋಕೆ ಆಗದೆ ರಜೆ ಹಾಕಿ ಮಲಗೋದಿಲ್ಲ ಅಲ್ವಾ?

ಬಿಟ್ಟು ಹೋಗ್ತಾರೆ ಅನ್ನುವ ಭಯ, ಇವತ್ತು ದೇವರು ನಾಳೆ ದೆವ್ವ ಅನ್ನಿಸುವಂಥ ಸಂಬಂಧ, ನಾನ್ಯಾರು ಅನ್ನೋದೇ ಗಟ್ಟಿ ಇಲ್ಲದಿರುವುದು, ದುಡುಕು, ತನಗೇ ನೋವು ಮಾಡಿಕೊಳ್ಳುವುದು, ಗಂಟೆಗೊಂದು ಮನಸ್ಥಿತಿ, ಒಳಗೆಲ್ಲ ಖಾಲಿ ಅನ್ನಿಸುವುದು, ಹಿಡಿತಕ್ಕೆ ಸಿಗದ ಕೋಪ, ಒತ್ತಡ ಜಾಸ್ತಿಯಾದಾಗ ಎಲ್ಲರ ಮೇಲೂ ಅನುಮಾನ ಅಥವಾ ಸುತ್ತಲಿನದು ಯಾವುದೂ ನಿಜವಲ್ಲ ಅನ್ನುವ ಮಂಪರು. ಡಾಕ್ಟರು ನೋಡುವ ಲಕ್ಷಣಗಳು ಈ ಒಂಬತ್ತು. ಕನಿಷ್ಠ ಐದಾದರೂ ಇರಬೇಕು, ಅದೂ ಹರೆಯದಿಂದಲೋ ಇಪ್ಪತ್ತರ ಆಸುಪಾಸಿನಿಂದಲೋ ಮನೆ, ಆಫೀಸು, ಸ್ನೇಹ ಎಲ್ಲ ಕಡೆ ಕಾಣಿಸುತ್ತಾ ಬಂದಿರಬೇಕು. ಒಂದು ಬ್ರೇಕಪ್ ಆದಮೇಲೆ ಎರಡು ತಿಂಗಳು ಅತ್ತರೆ ಅದು ಬಿಪಿಡಿ ಅಲ್ಲ. ಇನ್‌ಸ್ಟಾಗ್ರಾಂನ ರೀಲ್ ನೋಡಿ ತಾವೇ ಹಣೆಪಟ್ಟಿ ಕಟ್ಟಿಕೊಂಡು ಬರುವವರು ಈಚೆಗೆ ಜಾಸ್ತಿ. ಬೈಯಬೇಡಿ, ಆ ನೆಪದಲ್ಲಾದರೂ ಬಂದರಲ್ಲ.

ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ವಿಪರೀತ ಏರಿ ಇನ್ನೊಮ್ಮೆ ಕುಸಿಯುವ ಕಾಯಿಲೆ, ಅದರ ಜೊತೆ ಗೊಂದಲ ಆಗುವುದೂ ಉಂಟು. ಬೈಪೋಲಾರ್‌ನಲ್ಲಿ ಏರಿದ ಮನಸ್ಸು ದಿನಗಟ್ಟಲೆ, ವಾರಗಟ್ಟಲೆ ಹಾಗೇ ಇರುತ್ತದೆ, ನಿದ್ದೆ ಬೇಕು ಅನ್ನಿಸುವುದೇ ಕಡಿಮೆಯಾಗುತ್ತದೆ. ಬಿಪಿಡಿಯಲ್ಲಿ ಬದಲಾವಣೆ ಗಂಟೆಗಳ ಲೆಕ್ಕದ್ದು, ಹೆಚ್ಚಾಗಿ ಯಾರೋ ಏನೋ ಅಂದಿದ್ದರ, ಅನ್ನದೇ ಇದ್ದಿದ್ದರ ಹಿಂದೆ ಬರುತ್ತದೆ. ಎರಡೂ ಒಟ್ಟಿಗೆ ಇರೋದೂ ಉಂಟು. ಅದಕ್ಕೇ ಒಂದೇ ಭೇಟಿಯಲ್ಲಿ ಹೆಸರು ಹೇಳಿಬಿಡುವವರ ಬಗ್ಗೆ ನನಗೆ ಸ್ವಲ್ಪ ಅನುಮಾನ.

ಇನ್ನೊಂದು ಮಾತು. ಮೇಲಿನ ಪ್ರಶ್ನೆಯಲ್ಲಿ ‘ಮಾಡ್ತಿದ್ದಾಳಾ’ ಅಂತಲೇ ಬಂತು ನೋಡಿ. ಕ್ಲಿನಿಕ್ಕಿಗೆ ಬರುವವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ಆದರೆ ಊರಿನ ಜನರ ನಡುವೆ ಹೋಗಿ ಸಮೀಕ್ಷೆ ಮಾಡಿದಾಗ ಗಂಡಸರಲ್ಲೂ ಹತ್ತಿರ ಹತ್ತಿರ ಅಷ್ಟೇ ಸಿಕ್ಕಿದೆ. ಅದೇ ತೊಂದರೆ ಹುಡುಗನಲ್ಲಿದ್ದರೆ ನಾವು ‘ಅವನಿಗೆ ಕೋಪ ಜಾಸ್ತಿ’, ‘ಕುಡಿತ ಶುರುವಾಗಿದೆ’ ಅಂದು ಸುಮ್ಮನಾಗುತ್ತೇವೆ. ಹುಡುಗಿಗಾದರೆ ‘ಮದುವೆ ಮಾಡಿದ್ರೆ ಸರಿ ಹೋಗ್ತಾಳೆ’ ಅನ್ನುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ. ಬಿಟ್ಟು ಹೋಗುವ ಭಯದಲ್ಲಿ ನರಳುತ್ತಿರುವವಳನ್ನು ಗುರುತೇ ಇಲ್ಲದ ಮನೆಗೆ ಕಳಿಸುವುದು ಚಿಕಿತ್ಸೆ ಅಲ್ಲ.

ಯಾಕೆ ಬರುತ್ತದೆ? ಹುಟ್ಟಿನಿಂದ ಬಂದ ಸೂಕ್ಷ್ಮ ಸ್ವಭಾವ ಒಂದಿಷ್ಟು, ಬೆಳೆದ ವಾತಾವರಣ ಒಂದಿಷ್ಟು. ಅನೇಕರು ಬಾಲ್ಯದಲ್ಲಿ ಹೊಡೆತ, ಲೈಂಗಿಕ ದೌರ್ಜನ್ಯ, ನಿರ್ಲಕ್ಷ್ಯ ಕಂಡಿರುತ್ತಾರೆ. ಎಲ್ಲರೂ ಕಂಡಿರುವುದಿಲ್ಲ. ಹಾಗಾಗಿ ‘ನಾವೇನು ತಪ್ಪು ಮಾಡಿದ್ವಿ’ ಅಂತ ಅಪ್ಪ ಅಮ್ಮ ಮೊದಲ ದಿನವೇ ಕಟಕಟೆಯಲ್ಲಿ ನಿಲ್ಲಬೇಕಿಲ್ಲ.

ಮನೆಯವರ ಕೈಯಲ್ಲಿರುವುದು ಮುಂದಿನ ಹತ್ತು ನಿಮಿಷ. ಆ ಹುಡುಗಿ ಮನೆಗೆ ಬಂದು ಬ್ಯಾಗ್ ಎಸೆದು ರೂಮಿನ ಬಾಗಿಲು ಹಾಕಿಕೊಂಡಳು ಅಂತಿಟ್ಟುಕೊಳ್ಳಿ. ಅಮ್ಮ ಹೇಳುವುದು: ‘ಒಂದು ಮೆಸೇಜಿಗೆ ಇಷ್ಟೆಲ್ಲಾನಾ? ನಿನ್ನ ವಯಸ್ಸಲ್ಲಿ ನಾನು ಎರಡು ಮಕ್ಕಳನ್ನ ಸಾಕ್ತಿದ್ದೆ.’ ಅಪ್ಪ ಹೇಳುವುದು: ‘ಆ ಫೋನ್ ಕಿತ್ಕೊಳ್ಳೇ ಮೊದಲು.’ ಇಬ್ಬರೂ ಕೆಟ್ಟವರಲ್ಲ, ಗಾಬರಿಯಾಗಿದ್ದಾರೆ. ಆದರೆ ಅವಳಿಗೆ ಕೇಳಿಸುವುದು ಒಂದೇ: ನಿನಗೆ ಅನ್ನಿಸಿದ್ದು ಸುಳ್ಳು. ಆಗ ಅದು ಸುಳ್ಳಲ್ಲ ಅಂತ ತೋರಿಸೋಕೆ ಅವಳು ಇನ್ನೂ ಜೋರಾಗಿ ಕೂಗಬೇಕಾಗುತ್ತದೆ.

ಇದರ ಬದಲು ಬಾಗಿಲ ಹತ್ತಿರ ನಿಂತು, ‘ಅವನು ಉತ್ತರ ಕೊಡ್ಲಿಲ್ಲ ಅಂತ ತುಂಬ ಭಯ ಆಯ್ತಾ ಪುಟ್ಟಿ? ನಾನು ಇಲ್ಲೇ ಇದ್ದೀನಿ’ ಅನ್ನಿ. ಅಷ್ಟೇ. ಬುದ್ಧಿಮಾತು ಈಗ ಬೇಡ. ‘ಹಾಗಂದ್ರೆ ಅವಳು ಮಾಡಿದ್ದು ಸರಿ ಅಂದ ಹಾಗಾಗಲ್ವಾ?’ ಅಂತ ಅಪ್ಪಂದಿರು ಕೇಳುತ್ತಾರೆ. ಆಗೋದಿಲ್ಲ. ಭಯ ಆಯ್ತು ಅನ್ನೋದನ್ನು ಒಪ್ಪಿದಿರಿ, ಹನ್ನೆರಡು ಸಲ ಕಾಲ್ ಮಾಡಿದ್ದನ್ನು ಒಪ್ಪಲಿಲ್ಲ. ಆ ಮಾತು ನಾಳೆ ಬೆಳಗ್ಗೆ ತಿಂಡಿ ಆದಮೇಲೆ ಆಡಬಹುದು.

ಎಲ್ಲದಕ್ಕೂ ತಲೆಯಾಡಿಸಬೇಕು ಅಂತಲೂ ಅಲ್ಲ. ಅವಳು ಕೂಗಾಡುತ್ತಿದ್ದರೆ, ‘ಹೀಗೆ ಕೂಗಿದ್ರೆ ನನಗೆ ಮಾತಾಡೋಕೆ ಆಗಲ್ಲ. ಹಾಲ್‌ನಲ್ಲಿ ಕೂತಿರ್ತೀನಿ, ಒಂಬತ್ತು ಗಂಟೆಗೆ ಮತ್ತೆ ಬರ್ತೀನಿ’ ಅನ್ನಬಹುದು. ಆದರೆ ಒಂಬತ್ತಕ್ಕೆ ಹೋಗಲೇಬೇಕು. ಒಂಬತ್ತೂಕಾಲಿಗೂ ಅಲ್ಲ. ಹೇಳಿದ ಹೊತ್ತಿಗೆ ಬರುವ ಒಬ್ಬರು ಮನೆಯಲ್ಲಿದ್ದಾರೆ ಅನ್ನುವುದು ನೂರು ಆಣೆ ಪ್ರಮಾಣಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ. ‘ನಾನು ಸಾಯೋವರೆಗೂ ನಿನ್ನ ಬಿಡಲ್ಲ’ ಅಂತ ರಾತ್ರಿ ಅತ್ತು, ಬೆಳಗ್ಗೆ ಮುಖ ತಿರುಗಿಸಿಕೊಂಡು ಹೋಗುವ ಮನೆಗಳಲ್ಲೇ ಗಲಾಟೆ ಮತ್ತೆ ಮತ್ತೆ ಆಗುವುದು.

ಗಲಾಟೆ ಆದಾಗ ಮಾತ್ರ ಎಲ್ಲರೂ ಓಡಿ ಬರುತ್ತಾರೆ, ಶಾಂತವಾಗಿದ್ದ ದಿನ ಯಾರೂ ತಿರುಗಿ ನೋಡೋದಿಲ್ಲ. ಇದು ಬಹಳ ಮನೆಗಳ ಪಾಡು. ಸುಮ್ನೆ ಒಂದು ಬುಧವಾರ ಸಂಜೆ, ಏನೂ ಆಗಿಲ್ಲದಾಗ, ಕಾಫಿ ಹಿಡಿದುಕೊಂಡು ಅವಳ ಪಕ್ಕ ಕೂರಿ. ನಾನು ಮನೆಯವರಿಗೆ ಕೊಡುವ ಹೋಂವರ್ಕ್ ಇದೇ. ಸುಲಭ ಅಂದುಕೊಂಡು ಹೋಗುತ್ತಾರೆ, ಮುಂದಿನ ವಾರ ‘ಟೈಮೇ ಆಗ್ಲಿಲ್ಲ’ ಅಂತ ಬರುತ್ತಾರೆ.

ಸಾಯುವ ಮಾತು ಬಂದರೆ ನೇರವಾಗಿ ಕೇಳಿ: ‘ಸಾಯ್ಬೇಕು ಅನ್ನಿಸ್ತಿದೆಯಾ?’ ಕೇಳಿದರೆ ಆ ಯೋಚನೆ ತಲೆಗೆ ಬರುತ್ತದೆ ಅನ್ನೋದು ತಪ್ಪು ತಿಳಿವಳಿಕೆ. ಹೌದು ಅಂದರೆ ಒಬ್ಬಳನ್ನೇ ಬಿಡಬೇಡಿ, ಮಾತ್ರೆಗಳ ಸ್ಟ್ರಿಪ್ ನಿಮ್ಮ ಬೀರುವಿನಲ್ಲಿರಲಿ. ‘ಬರೀ ಬೆದರಿಸ್ತಾಳೆ’ ಅನ್ನುವ ಮಾತನ್ನು ನಂಬಬೇಡಿ, ಈ ಕಾಯಿಲೆಯಲ್ಲಿ ಜೀವ ಹೋಗುವ ಅಪಾಯ ನಿಜವಾಗಿಯೂ ಇದೆ. ನಿಮ್ಹಾನ್ಸ್‌ನ ತುರ್ತು ವಿಭಾಗ ದಿನದ 24 ಗಂಟೆಯೂ ತೆರೆದಿರುತ್ತದೆ. ಏನಾದರೂ ನುಂಗಿದ್ದರೆ, ಗಾಯ ಆಗಿದ್ದರೆ ಮಾತ್ರ ಮೊದಲು ಹತ್ತಿರದ ಜನರಲ್ ಆಸ್ಪತ್ರೆಗೆ. ಪೊಲೀಸ್ ಕೇಸ್ ಆಗುತ್ತದೆ ಅಂತ ಹೆದರಿ ಮನೆಯಲ್ಲೇ ಇಟ್ಟುಕೊಳ್ಳುವವರು ಈಗಲೂ ಇದ್ದಾರೆ. ಆಸ್ಪತ್ರೆಯವರು ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸುವ ಮೆಡಿಕೋ-ಲೀಗಲ್ ದಾಖಲೆ, ಬರೆಯಬಹುದು. ಆದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ.

ಬೆಂಗಳೂರಿನಲ್ಲಿ ಇನ್ನೊಂದು ಬಗೆಯ ಮನೆ ಇದೆ, ಪಿಜಿ. ಹಾಸನದಿಂದಲೋ ದಾವಣಗೆರೆಯಿಂದಲೋ ಬಂದ ಹುಡುಗಿ, ರೂಮ್‌ಮೇಟ್ ಒಬ್ಬಳೇ ದಿಕ್ಕು. ಆ ರೂಮ್‌ಮೇಟ್‌ಗೂ ಇಪ್ಪತ್ತೆರಡೇ ವರ್ಷ. ರಾತ್ರಿಯೆಲ್ಲ ಅವಳ ಕೈ ಹಿಡಿದು ಕೂತು, ಬೆಳಗ್ಗೆ ಒಂಬತ್ತಕ್ಕೆ ಲಾಗಿನ್ ಆಗಬೇಕು. ಅಂಥವರಿಗೆ ನಾನು ಹೇಳುವುದಿಷ್ಟು: ಗುಟ್ಟು ಕಾಪಾಡ್ತೀನಿ ಅಂತ ಮಾತು ಕೊಡಬೇಡ. ಜೀವದ ವಿಷಯ ಬಂದರೆ ಅವರಮ್ಮನಿಗೆ ಫೋನ್ ಮಾಡ್ತೀನಿ ಅಂತ ಮೊದಲೇ ಹೇಳಿಬಿಡು. ಜೊತೆಗೆ ಇನ್ನಿಬ್ಬರನ್ನಾದರೂ ಸೇರಿಸಿಕೋ.

ಚಿಕಿತ್ಸೆಯಲ್ಲಿ ಮುಖ್ಯವಾದದ್ದು ಮಾತಿನದು, ಮಾತ್ರೆಯದಲ್ಲ. ಬಿಪಿಡಿಗೇ ಅಂತ ಒಪ್ಪಿಗೆ ಪಡೆದ ಔಷಧ ಇಲ್ಲ. ಜೊತೆಗಿರುವ ಖಿನ್ನತೆ, ನಿದ್ದೆ, ಆತಂಕಕ್ಕೆ ಮಾತ್ರೆ ಕೊಡುತ್ತಾರೆ, ಅದು ಬೇಕಾಗಲೂಬಹುದು. ಕೊಟ್ಟಿದ್ದನ್ನು ನೀವಾಗಿ ನಿಲ್ಲಿಸಬೇಡಿ. ಆದರೆ ಪ್ರತಿ ಗಲಾಟೆಗೂ ಒಂದೊಂದು ಮಾತ್ರೆ ಸೇರುತ್ತಾ ಹೋಗಿ ಚೀಟಿ ಉದ್ದವಾಗುತ್ತಿದ್ದರೆ, ‘ಇದ್ಯಾಕೆ, ಎಷ್ಟು ದಿನ?’ ಅಂತ ಡಾಕ್ಟರನ್ನು ಕೇಳುವ ಹಕ್ಕು ನಿಮಗಿದೆ.

ಮಾತಿನ ಚಿಕಿತ್ಸೆಗಳಲ್ಲಿ ಜಾಸ್ತಿ ಪರೀಕ್ಷೆಗೆ ಒಳಗಾದದ್ದು ಡಿಬಿಟಿ, ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ. ಇದನ್ನು ರೂಪಿಸಿದವರು ಅಮೆರಿಕದ ಮಾರ್ಷಾ ಲಿನೆಹಾನ್. ಅದರ ಮೊದಲ ದೊಡ್ಡ ಪ್ರಯೋಗದ ಫಲಿತಾಂಶ ಬಂದದ್ದು 1991ರಲ್ಲಿ. ಹರೆಯದಲ್ಲಿ ತಾವೇ ಆಸ್ಪತ್ರೆಯಲ್ಲಿ ಬಂದಿಯಾಗಿ ನರಳಿದ್ದನ್ನು ಅವರು ಬಹಿರಂಗವಾಗಿ ಹೇಳಿಕೊಂಡದ್ದು 2011ರಲ್ಲಿ. ಇದನ್ನು ಕೇಳಿದಾಗ ನನ್ನ ಮುಂದೆ ಕೂತವರ ಬೆನ್ನು ಸ್ವಲ್ಪ ನೆಟ್ಟಗಾಗುವುದನ್ನು ನೋಡಿದ್ದೇನೆ. ಡಿಬಿಟಿಯಲ್ಲಿ ವಾರಕ್ಕೊಮ್ಮೆ ಥೆರಪಿಸ್ಟ್ ಜೊತೆ ಒಬ್ಬರೇ ಕೂತು ಮಾತು, ವಾರಕ್ಕೊಮ್ಮೆ ಗುಂಪಿನಲ್ಲಿ ಪಾಠ. ಈ ಕ್ಷಣದಲ್ಲಿ ನಿಲ್ಲುವುದು, ಸಂಕಟವನ್ನು ಹೆಚ್ಚಿಸಿಕೊಳ್ಳದೆ ದಾಟುವುದು, ಭಾವನೆಯನ್ನು ಸಂಭಾಳಿಸುವುದು, ಸಂಬಂಧ ಕೆಡಿಸಿಕೊಳ್ಳದೆ ಬೇಕಾದ್ದನ್ನು ಕೇಳುವುದು, ಇವೇ ಪಾಠಗಳು. ಮೆಟ್ರೋ ಹುಡುಗಿಗೆ ಮೊದಲು ಕಲಿಸುವುದು ತೀರಾ ಸಣ್ಣ ಸಂಗತಿ: ಎರಡನೇ ಕಾಲ್ ಮಾಡುವ ಮೊದಲು ಮುಖವನ್ನು ಅರ್ಧ ನಿಮಿಷ ತಣ್ಣೀರಿನಲ್ಲಿ ಅದ್ದು. ಹೃದಯದ ಬಡಿತ ನಿಧಾನವಾಗುತ್ತದೆ, ಆ ಹೊತ್ತಿಗೆ ಅಷ್ಟು ಸಾಕು. ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಇದನ್ನು ಮಾಡಬಾರದು.

ಪೂರ್ತಿ ಡಿಬಿಟಿ ನಮ್ಮೂರಲ್ಲಿ ಸಿಗುವುದು ಕೆಲವೇ ಕಡೆ, ಅದೂ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಇದು ನನ್ನ ದೊಡ್ಡ ಬೇಸರ. ಸಿಗದಿದ್ದರೆ ಕೈಚೆಲ್ಲಬೇಕಿಲ್ಲ. ಕನ್ನಡದಲ್ಲಿ ಮಾತಾಡುವ, ವಾರವಾರ ತಪ್ಪದೆ ನೋಡುವ, ಗಲಾಟೆಯಾದಾಗ ಏನು ಮಾಡಬೇಕು ಅಂತ ಮೊದಲೇ ಬರೆದುಕೊಡುವ ಒಬ್ಬ ಒಳ್ಳೆಯ ಥೆರಪಿಸ್ಟ್ ಸಿಕ್ಕರೂ ಬಹಳ ದೂರ ಹೋಗಬಹುದು. ಕೌನ್ಸೆಲರ್ ಅಂತ ಬೋರ್ಡ್ ಯಾರು ಬೇಕಾದರೂ ಹಾಕಿಕೊಳ್ಳುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಆರ್‌ಸಿಐ (ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ) ನೋಂದಣಿ ಇದೆಯಾ ಅಂತ ಕೇಳಿ. ಬಿಪಿಡಿ ಇರುವವರನ್ನು ನೋಡಿದ್ದೀರಾ ಅಂತಲೂ ಕೇಳಿ. ಕೇಳಿದ್ದಕ್ಕೆ ಸಿಡುಕಿದರೆ ಬೇರೆ ಕಡೆ ಹೋಗಿ.

ಖಾಸಗಿಯಲ್ಲಿ ಒಂದು ಸೆಷನ್ನಿಗೆ ಬಹಳ ಕಡೆ ಸಾವಿರ ರೂಪಾಯಿ ದಾಟುತ್ತದೆ, ವರ್ಷಗಟ್ಟಲೆ ಕೊಡುವುದು ಎಲ್ಲರ ಕೈಲಾಗದು. ಹೊಸೂರು ರಸ್ತೆಯ ನಿಮ್ಹಾನ್ಸ್ ಓಪಿಡಿ ಇದೆ, ಕ್ಯೂ ದೊಡ್ಡದು, ಬೆಳಗ್ಗೆ ಬೇಗ ಹೋಗಿ. ಆ ಗೇಟಿನೊಳಗೆ ಹೋಗಲು ಮುಜುಗರ ಅನ್ನುವವರಿಗೆ ಬಿಟಿಎಂ ಲೇಔಟ್‌ನಲ್ಲಿ ಅದರದ್ದೇ ಸೆಂಟರ್ ಫಾರ್ ವೆಲ್‌ಬೀಯಿಂಗ್ ಇದೆ. ರಾತ್ರಿ ಎರಡು ಗಂಟೆಗೆ ಯಾರೂ ಇಲ್ಲ ಅನ್ನಿಸಿದರೆ 14416, ಟೆಲಿ ಮಾನಸ್. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ರೋಗಿಯಷ್ಟೇ ಅಲ್ಲ, ಸುಸ್ತಾದ ಅಮ್ಮನೂ ಮಾಡಬಹುದು.

ಮೊದಲ ಭೇಟಿಗೆ ಬರುವಾಗ ಹಳೆಯ ಚೀಟಿಗಳನ್ನೆಲ್ಲ ಒಂದು ಫೈಲಿನಲ್ಲಿ ಹಾಕಿಕೊಂಡು ಬನ್ನಿ. ಕಳೆದ ಎರಡು ಮೂರು ಗಲಾಟೆಗಳಲ್ಲಿ ಮೊದಲು ಏನಾಯಿತು, ಆಮೇಲೆ ಯಾರು ಏನು ಅಂದರು, ಎಷ್ಟು ಹೊತ್ತಿಗೆ ತಣ್ಣಗಾಯಿತು ಅಂತ ಒಂದು ಹಾಳೆಯಲ್ಲಿ ಬರೆದು ತನ್ನಿ. ಅವಳಿಗೆ ಕಾಣದಂತೆ ಬರೆಯಬೇಡಿ. ಜೊತೆಗೆ ಅವಳ ಕೈಯಲ್ಲೂ ಒಂದು ಹಾಳೆ ಬರೆಸಿ. ನಾನು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡೇ ಶುರು ಮಾಡುವುದು.