ಕರೆಂಟ್ ತಂತಿಗೆ ಡಂಬೆಲ್ ಯಾಕೆ?

ಹೆದ್ದಾರಿಯಲ್ಲಿ ಹೋಗುವಾಗ ಹೈಟೆನ್ಷನ್ ಲೈನ್ ಕಡೆ ಒಮ್ಮೆ ಕಣ್ಣು ಹಾಯಿಸಿ. ಟವರಿನ ಹತ್ತಿರ, ತಂತಿಯ ಅಡಿಯಲ್ಲಿ ಪುಟ್ಟ ಡಂಬೆಲ್ ಥರದ್ದೊಂದು ನೇತಾಡುತ್ತಿರುತ್ತದೆ. ಕರೆಂಟಿಗೂ ಅದಕ್ಕೂ ಸಂಬಂಧವಿಲ್ಲ. ಅದನ್ನು ಕಟ್ಟಿರುವುದು ಗಾಳಿಗಾಗಿ.

ಬಿರುಗಾಳಿಗಲ್ಲ, ಹಿತವಾಗಿ ಬೀಸುವ ಗಾಳಿಗೆ! ಗಾಳಿ ತಂತಿಯನ್ನು ದಾಟುವಾಗ ಅದರ ಹಿಂದೆ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಸಣ್ಣ ಸುಳಿಗಳು ಏಳುತ್ತವೆ. ಪ್ರತಿ ಸುಳಿಯೂ ತಂತಿಯನ್ನು ಚೂರು ಜಗ್ಗುತ್ತದೆ. ತಂತಿ 3 ಸೆಂಟಿಮೀಟರ್ ದಪ್ಪ, ಗಾಳಿ ಸೆಕೆಂಡಿಗೆ 3 ಮೀಟರ್ ಅಂದುಕೊಳ್ಳಿ. ಸೆಕೆಂಡಿಗೆ ಸುಮಾರು 20 ಸಲ ಈ ಜಗ್ಗಾಟ. ಅಷ್ಟುದ್ದದ ತಂತಿ ಹಲವು ಲಯಗಳಲ್ಲಿ ಮಿಡಿಯಬಲ್ಲದು. ಅವುಗಳಲ್ಲಿ ಯಾವುದೋ ಒಂದು ಈ ಜಗ್ಗಾಟಕ್ಕೆ ತಾಳೆಯಾಗುತ್ತದೆ. ಇಲ್ಲಿಂದ ಮುಂದಿನದು ನನಗೆ ಪ್ರತಿ ಸಲವೂ ಬೆರಗು ಹುಟ್ಟಿಸುತ್ತದೆ. ತಂತಿ ಅದುರಲು ಶುರುವಾದ ಮೇಲೆ ಸುಳಿಗಳೇ ಅದರ ಲಯಕ್ಕೆ ಹೆಜ್ಜೆ ಹಾಕುತ್ತವೆ. ಗಾಳಿ ತುಸು ಹೆಚ್ಚುಕಮ್ಮಿಯಾದರೂ ತಾಳ ತಪ್ಪುವುದಿಲ್ಲ. ಅದುರಾಟ ತನಗೆ ಬೇಕಾದ ಶಕ್ತಿಯನ್ನು ಗಾಳಿಯಿಂದ ತಾನೇ ಹೀರಿಕೊಳ್ಳುತ್ತಾ ಹೋಗುತ್ತದೆ.

ಈ ಅದುರಾಟ ತೀರಾ ಸಣ್ಣದು, ಕೆಳಗೆ ನಿಂತವರಿಗೆ ಸುಲಭಕ್ಕೆ ಕಾಣದು. ಆದರೆ ಕಟ್ಟುವ ತಂತಿಯನ್ನು ಅತ್ತಿತ್ತ ಬಗ್ಗಿಸಿ ಬಗ್ಗಿಸಿ ಮುರಿಯುತ್ತೇವೆ ಅಲ್ವಾ? ತಂತಿಯನ್ನು ಟವರಿನ ಬಳಿ ಹಿಡಿದಿಡುವ ಕ್ಲಾಂಪಿನ ಹತ್ತಿರ ನಡೆಯುವುದೂ ಅದೇ. ಸೆಕೆಂಡಿಗೆ 20 ಅಂದರೆ ದಿನಕ್ಕೆ 17 ಲಕ್ಷ ಸಲ! ಒಂದೊಂದೇ ಎಳೆ ತುಂಡಾಗುತ್ತಾ ಬರುತ್ತದೆ.

ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ಎಡಿಸನ್ ಕಂಪನಿಯ ಎಂಜಿನಿಯರ್ ಜಾರ್ಜ್ ಸ್ಟಾಕ್‌ಬ್ರಿಜ್ ಇದಕ್ಕೊಂದು ಉಪಾಯ ಹುಡುಕಿದರು. 1928ರಲ್ಲಿ ಪೇಟೆಂಟ್ ಸಿಕ್ಕಿತು. ಹಲವು ಎಳೆಗಳನ್ನು ಹೊಸೆದ ಗಿಡ್ಡ ಉಕ್ಕಿನ ಹಗ್ಗ, ಎರಡು ತುದಿಗೂ ತೂಕ, ನಡುವೆ ಕ್ಲಾಂಪ್. ಅಷ್ಟೇ. ತಂತಿ ಅದುರಿದಾಗ ಭಾರದ ತುದಿಗಳು ಅದರ ಜೊತೆ ಸುಮ್ನೆ ಹೋಗುವುದಿಲ್ಲ, ಹಿಂದೆ ಉಳಿಯುತ್ತವೆ. ನಡುವಿನ ಹಗ್ಗ ಬಾಗುತ್ತದೆ, ಎಳೆಗಳು ಒಂದಕ್ಕೊಂದು ಉಜ್ಜುತ್ತವೆ. ಗಾಳಿ ಕೊಟ್ಟ ಶಕ್ತಿ ಬಿಸಿಯಾಗಿ ಕರಗಿಹೋಗುತ್ತದೆ. ಮೋಟಾರ್ ಬೇಡ, ಸೆನ್ಸರ್ ಬೇಡ.

ಹಾಗಂತ ಎಲ್ಲೆಂದರಲ್ಲಿ ಕಟ್ಟುವಂತಿಲ್ಲ. ಅದುರುವ ತಂತಿಯಲ್ಲೂ ಅಲುಗದೇ ನಿಲ್ಲುವ ಬಿಂದುಗಳಿರುತ್ತವೆ. ಅಲ್ಲಿ ಕಟ್ಟಿದರೆ ತೂಕ ವ್ಯರ್ಥ. ಅದಕ್ಕೇ ಟವರಿನಿಂದ ಎಷ್ಟು ದೂರ ಎಂದು ಲೆಕ್ಕ ಹಾಕುತ್ತಾರೆ. ಎಷ್ಟೋ ಕಡೆ ಎರಡು ತುದಿಗೂ ಬೇರೆ ಬೇರೆ ತೂಕ ಇಡುತ್ತಾರೆ. ಆಗ ಒಂದೇ ಡಂಬೆಲ್ ಜಾಸ್ತಿ ಲಯಗಳನ್ನು ಹಿಡಿಯುತ್ತದೆ.

ಹಿಮ ಬೀಳುವ ದೇಶಗಳಲ್ಲಿ ಮಾತ್ರ ಇನ್ನೊಂದು ಕಾಟವಿದೆ. ಮಂಜುಗಡ್ಡೆ ಮೆತ್ತಿಕೊಂಡ ತಂತಿಯ ಆಕಾರವೇ ಬದಲಾಗಿ, ಗಾಳಿಗೆ ಅದು ನಿಧಾನವಾಗಿ ಮೀಟರುಗಟ್ಟಲೆ ಕುಣಿಯುತ್ತದೆ. ಅಷ್ಟು ದೊಡ್ಡ ಕುಣಿತಕ್ಕೆ ಈ ಡಂಬೆಲ್ ಸಾಲದು. ಅಲ್ಲಿ ತಂತಿ ತಂತಿಗಳ ನಡುವೆ ಕರೆಂಟ್ ಹರಿಯದ ಉದ್ದ ಸರಳುಗಳನ್ನು ಕಟ್ಟಿ, ಒಂದಕ್ಕೊಂದು ತಾಗದಂತೆ ದೂರ ಹಿಡಿದಿಡುತ್ತಾರೆ.